ಕೊಳಗದಿಂದ ಲೀಟರಿಗೆ: ಗಾತ್ರದ ಅಳತೆಗಳ ಪರಿವರ್ತನೆ

ಬೆಂಗಳೂರಿನ ಅಂಚಿನ ಬೇಗೂರಿನ ಒಳರಸ್ತೆಯಲ್ಲಿ ನೀರಿನ ಟ್ಯಾಂಕರ್ ಬಂದು ನಿಂತರೆ ಎರಡು ಅಳತೆಗಳು ಎದುರುಬದುರಾಗುತ್ತವೆ. ಟ್ಯಾಂಕರಿನ ಮೈಮೇಲೆ ಬರೆದಿರುವುದು ಲೀಟರ್. ಮನೆಯವರ ಸಂಪು ಇರುವುದು ಅಡಿಯಲ್ಲಿ. ಮೇಸ್ತ್ರಿ ಅದನ್ನು ಕಟ್ಟಿದ್ದು ಎಂಟು ಆರು ಐದು ಎಂಬ ಲೆಕ್ಕದಲ್ಲಿ: ಎಂಟಡಿ ಉದ್ದ, ಆರಡಿ ಅಗಲ, ಐದಡಿ ಆಳ. ಒಂದಕ್ಕೊಂದು ಗುಣಿಸಿದರೆ 240 ಘನ ಅಡಿ. ಇದನ್ನು 28.3ರಿಂದ ಗುಣಿಸಿದರೆ ಸುಮಾರು 6,800 ಲೀಟರ್. ಗಾರೆ ಕೆಲಸದವರ ಬಾಯಲ್ಲಿ ಈ 28 ಎಂಬ ಅಂಕಿ ಮಗ್ಗಿಯಷ್ಟೇ ಸಲೀಸಾಗಿ ಬರುತ್ತದೆ.

ಟ್ಯಾಂಕರಿನಲ್ಲಿ ಹೇಳಿದಷ್ಟು ನೀರು ಇತ್ತೇ ಎಂದು ನೋಡಲು ಒಂದು ಕೋಲು, ಒಂದು ಟೇಪು ಸಾಕು. ಈ ಸಂಪಿನ ತಳ 48 ಚದರ ಅಡಿ. ನೀರು ಒಂದಡಿ ಏರಿದರೆ 1,359 ಲೀಟರ್, ಒಂದಂಗುಲ ಏರಿದರೆ 113 ಲೀಟರ್. ಹಾಗಾಗಿ 6,000 ಲೀಟರ್ ಬಿದ್ದರೆ ನೀರು ನಾಲ್ಕಡಿ ಐದಂಗುಲ ಏರಬೇಕು. ಕೋಲಿನ ಒದ್ದೆ ಗುರುತು ನಾಲ್ಕಡಿಗೇ ನಿಂತಿದ್ದರೆ 560 ಲೀಟರ್ ಚಿಲ್ಲರೆ ಎಲ್ಲೋ ಕಡಿಮೆಯಾಗಿದೆ ಎಂದರ್ಥ. 2024ರ ಮಾರ್ಚ್‌ನಲ್ಲಿ, ಕೊಳವೆಬಾವಿಗಳು ಬತ್ತಿದ ಬೇಸಿಗೆಯಲ್ಲಿ, ಬೆಂಗಳೂರು ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗಿನ ಟ್ಯಾಂಕರಿಗೆ ದರ ಕಟ್ಟಿತು: 6,000 ಲೀಟರಿಗೆ 600 ರೂಪಾಯಿ, 8,000ಕ್ಕೆ 700, 12,000ಕ್ಕೆ 1,000. ಚಿಕ್ಕ ಟ್ಯಾಂಕರಿನಲ್ಲಿ ಲೀಟರಿಗೆ ಹತ್ತು ಪೈಸೆ. ಅಂದರೆ ಒಂದಂಗುಲ ನೀರಿಗೆ ಹನ್ನೊಂದು ರೂಪಾಯಿ ಮೂವತ್ತು ಪೈಸೆ.

ಸಾಂಪ್ರದಾಯಿಕ ಅಳತೆಯನ್ನು ಮೆಟ್ರಿಕ್‌ಗೆ ತರುವುದೆಂದರೆ ಬುಡದಲ್ಲಿ ಇಷ್ಟೇ: ಒಂದು ಗುಣಕ, ಒಂದು ತ್ರೈರಾಶಿ. ಗುಣಕ ತಪ್ಪುವುದು ಅಪರೂಪ. ಯಾವ ಸೇರು, ಯಾವ ಗ್ಯಾಲನ್, ಬಾಯಿ ಸವರಿ ಅಳೆದದ್ದೋ ರಾಶಿ ಏರಿಸಿ ಅಳೆದದ್ದೋ ಎಂದು ಕೇಳದೆ ಲೆಕ್ಕ ಶುರುಮಾಡಿದಾಗಲೇ ಎಡವಟ್ಟು.

ಅಡಿಯ ಕಡೆ ಈ ತೊಂದರೆ ಕಡಿಮೆ. ಒಂದಂಗುಲ ಎಂದರೆ 2.54 ಸೆಂಟಿಮೀಟರ್ ಎಂದು ಜಗತ್ತು ಒಪ್ಪಿಕೊಂಡಿದೆ. ಅದರಿಂದ ಅಡಿ 30.48 ಸೆಂಟಿಮೀಟರ್, ಅದರ ಘನ 28,316.8 ಘನ ಸೆಂಟಿಮೀಟರ್, ಅಂದರೆ 28.3168 ಲೀಟರ್. ಎಡವುವುದು ಘನದಲ್ಲಿ. ಮೀಟರಿಗೆ 3.28 ಅಡಿ ಎಂಬುದು ನೆನಪಿದ್ದವರು ಘನ ಮೀಟರಿಗೂ ಅದೇ 3.28 ಹಚ್ಚಿಬಿಡುತ್ತಾರೆ. ಮೂರು ಸಲ ಗುಣಿಸಬೇಕು. ಆಗ ಒಂದು ಘನ ಮೀಟರ್ 35.3 ಘನ ಅಡಿಯಾಗುತ್ತದೆ.

ಬೆಂಗಳೂರಿನ ಅಚ್ಚುಮೆಚ್ಚಿನ ಮೂವತ್ತು–ನಲವತ್ತು ಸೈಟಿನಲ್ಲಿ ಈ ಲೆಕ್ಕ ಮುದ್ದಾಗಿ ಕೂಡಿಬರುತ್ತದೆ. 1,200 ಚದರ ಅಡಿಯ ಮೇಲೆ ಒಂದಂಗುಲ ಮಳೆ ಬಿದ್ದರೆ ಸರಿಯಾಗಿ 100 ಘನ ಅಡಿ ನೀರು, 2,832 ಲೀಟರ್. ಉತ್ತರ ಕರ್ನಾಟಕದಲ್ಲಿ ಮರಳು, ಜಲ್ಲಿ ಅಳೆಯುವ ‘ಬ್ರಾಸ್’ ಕೂಡ 100 ಘನ ಅಡಿಯೇ. ಹುಬ್ಬಳ್ಳಿ ಕಡೆಯ ಗುತ್ತಿಗೆದಾರ ಬೇಗೂರಿನಲ್ಲಿ ಮನೆ ಕಟ್ಟಿಸಿದರೆ, ಒಂದಂಗುಲ ಮಳೆಗೆ ತಾರಸಿಯ ಮೇಲೆ ಒಂದು ಬ್ರಾಸ್ ನೀರು ಬಿತ್ತು ಎನ್ನಬಹುದು, ಯಾರೂ ಹಾಗೆ ಹೇಳುವುದಿಲ್ಲ ಅಷ್ಟೆ. ಮೆಟ್ರಿಕ್‌ನಲ್ಲಿ ಇದು ಇನ್ನೂ ಸುಲಭ: ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ಸೈಟು 111.5 ಚದರ ಮೀಟರ್. ಬೆಂಗಳೂರಿನ ವರ್ಷದ ಮಳೆಯನ್ನು 970 ಮಿಲಿಮೀಟರ್ ಎಂದು ಹಿಡಿದರೆ ಒಂದು ಲಕ್ಷದ ಎಂಟು ಸಾವಿರ ಲೀಟರ್, ಹದಿನೆಂಟು ಸಣ್ಣ ಟ್ಯಾಂಕರ್. ಅಷ್ಟೂ ಕೈಗೆ ಸಿಗುವುದಿಲ್ಲ, ನಿಜ. ಆದರೂ 1,200 ಚದರ ಅಡಿ ಮತ್ತು ಅದಕ್ಕೂ ದೊಡ್ಡ ಸೈಟಿನ ಹೊಸ ಮನೆಗಳಿಗೆ ಜಲಮಂಡಳಿ 2009ರಲ್ಲಿ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿದ್ದರ ಹಿಂದೆ ಇರುವುದು ಈ ಗುಣಾಕಾರ.

ಯಾವ ಸೇರು?

ಧಾನ್ಯದ ಅಳತೆಗೆ ಬಂದರೆ ನೆಲ ಕುಸಿಯುತ್ತದೆ. ಹಳೆ ಮೈಸೂರಿನಲ್ಲಿ ಮೆಟ್ಟಿಲುಗಳು ಹೀಗಿದ್ದವು: ಹದಿನಾರು ಚಟಾಕಿಗೆ ಒಂದು ಸೇರು, ಸೇರಿನ ಕಾಲು ಭಾಗ ಪಾವು, ಅದರ ಅರ್ಧ ಅರೆಪಾವು, ಅರ್ಧ ಸೇರು ಬಾಯಲ್ಲಿ ಸವೆದು ಅಚ್ಚೇರು. ಸೇರಿನಿಂದ ಮೇಲೆ ಬಳ್ಳ, ಕೊಳಗ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಮಂಗಳೂರಿನ ಕಡೆ 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ 42 ಸೇರು ಅಕ್ಕಿಯ ಉಂಡೆ ಅದು. ಕೊಡಗಿನಲ್ಲಿ ಬಟ್ಟಿ. ಉತ್ತರದಲ್ಲಿ ಗಿದ್ನ, ಸೊಲಗಿ, ಪಾಯಲಿ. ಹೆಸರು ಬೇರೆಯಾದರೆ ಚಿಂತೆಯಿಲ್ಲ. ಒಂದೇ ಹೆಸರಿನ ಸೇರು ಊರೂರಿಗೆ ಬೇರೆ ಗಾತ್ರ ತಾಳುತ್ತಿತ್ತು, ಸೇರು ಬದಲಾದಂತೆ ಕೊಳಗವೂ ಹಿಗ್ಗಿ ಕುಗ್ಗುತ್ತಿತ್ತು. ಸಾಲದ್ದಕ್ಕೆ ತೂಕದಲ್ಲೂ ಒಂದು ಸೇರು. ಬ್ರಿಟಿಷ್ ಭಾರತದ 80 ತೊಲದ ಸೇರು ಎಂದರೆ 933 ಗ್ರಾಂ, ಅದರ ನಲವತ್ತರ ಮಣ 37.3 ಕಿಲೋ. ಮೈಸೂರಿನ ಕಚ್ಚಾ ಸೇರು 24 ತೊಲ, ಸುಮಾರು 280 ಗ್ರಾಂ. ಅದರ ನಲವತ್ತು ಸೇರಿನ ಮಣ 11 ಕಿಲೋ ಚಿಲ್ಲರೆ. ಹಳೆಯ ಪತ್ರವೊಂದರಲ್ಲಿ ‘ಒಂದು ಮಣ ಬೆಲ್ಲ’ ಎಂದಿದ್ದರೆ ಅದು ಹನ್ನೊಂದು ಕಿಲೋವೂ ಆಗಬಹುದು, ಮೂವತ್ತೇಳೂ ಆಗಬಹುದು. ಪತ್ರ ಯಾವ ಊರಿನದೆಂದು ಗೊತ್ತಿಲ್ಲದೆ ಕ್ಯಾಲ್ಕುಲೇಟರ್ ಮುಟ್ಟುವುದು ವ್ಯರ್ಥ. 1800ರಲ್ಲಿ ಟಿಪ್ಪು ಆಳಿದ್ದ ನಾಡನ್ನು ಸುತ್ತಲು ಬಂದ ಫ್ರಾನ್ಸಿಸ್ ಬುಕನನ್ ಬೆಂಗಳೂರಿನ ಅಳತೆ ತೂಕಗಳನ್ನು ಕೂತು ಬರೆದುಕೊಂಡದ್ದು ಇದಕ್ಕೇ. ಅದಿಲ್ಲದೆ ಅವನು ಬರೆದ ಬೆಳೆಯ ಲೆಕ್ಕ, ಕಂದಾಯದ ಲೆಕ್ಕ ಯಾವುದಕ್ಕೂ ಅರ್ಥವಿರುತ್ತಿರಲಿಲ್ಲ.

ಧಾನ್ಯದ ಅಳತೆ ನೆಲದ ಅಳತೆಯೂ ಆಗಿತ್ತು. ಒಂದು ಖಂಡುಗ ಬೀಜ ಹಿಡಿಯುವ ಗದ್ದೆ ಖಂಡುಗ ಗದ್ದೆ. ಗಂಗರ ಕಾಲದ ದಾನಶಾಸನಗಳಲ್ಲಿ ಭೂಮಿ ಕಂಡುಗಗಳಲ್ಲಿ ಬರುವುದು ಸಾಮಾನ್ಯ. ಬೇಗೂರು ಆ ಗಂಗರ ಊರೇ. ಪಂಚಲಿಂಗ ನಾಗೇಶ್ವರ ದೇವಸ್ಥಾನದ ಬಳಿ ಇರುವ, ಸುಮಾರು 890ರ ವೀರಗಲ್ಲು ಬೆಂಗಳೂರು ಎಂಬ ಹೆಸರನ್ನು ಹೇಳುತ್ತದೆ. ಗಂಗರ ದೊರೆ ಎರೆಯಪ್ಪ ‘ಬೆಂಪೂರು ಹನ್ನೆರಡು’ ಎಂಬ ಊರುಗಳ ಗುಂಪನ್ನು ಇರುಗ ಎಂಬವನಿಗೆ ಕೊಟ್ಟದ್ದನ್ನು ಹೇಳುವ ಇನ್ನೊಂದು ಕಲ್ಲು ಕಸ್ತೂರ್ಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿದೆ. ಈ ತಾಲ್ಲೂಕಿನ ಶಾಸನಗಳನ್ನು ಬಿ. ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಅಚ್ಚುಹಾಕಿಸಿದರು. ಬಲ್ಲಾಳರಾಯನಿಗೆ ಅಜ್ಜಿ ಬೆಂದಕಾಳು ಕೊಟ್ಟದ್ದರಿಂದ ಬೆಂಗಳೂರಾಯಿತೆಂಬ ಕಥೆಗಿಂತ ಬೇಗೂರಿನ ಕಲ್ಲು ಹಳೆಯದು. ಆ ಕಾಳು ಎಷ್ಟು ಪಾವು ಇತ್ತೆಂದು ಕಥೆ ಹೇಗೂ ಹೇಳುವುದಿಲ್ಲ.

ಖಂಡುಗ ಗದ್ದೆಯನ್ನು ಎಕರೆಗೆ ತಿರುಗಿಸಲು ಹೊರಟವರಿಗೆ ಒಂದೇ ಉತ್ತರ ಸಿಕ್ಕುವುದಿಲ್ಲ. ಎರೆಮಣ್ಣಿಗೆ ಹಿಡಿಯುವ ಬೀಜ ಬೇರೆ, ಮರಳುಮಣ್ಣಿಗೆ ಬೇರೆ. ನಾಟಿಗೆ ಬೇರೆ, ಚೆಲ್ಲಿ ಬಿತ್ತುವುದಕ್ಕೆ ಬೇರೆ. ಒಂದು ಊರಿನ ಖಂಡುಗ ಆ ಊರಿನ ಮಣ್ಣಿನ ಜೊತೆಗೇ ಬರುತ್ತದೆ.

ಬೇಗೂರಿನ ಕಲ್ಲು ಹುಟ್ಟಿದ ಶತಮಾನದಲ್ಲೇ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರ ಮೊದಲ ಅಧ್ಯಾಯದಲ್ಲೇ ಧಾನ್ಯದ ಅಳತೆಗಳ ಪಟ್ಟಿ ಇದೆ: ಕುಡವ, ಪ್ರಸ್ಥ, ಆಢಕ, ದ್ರೋಣ, ಮೆಟ್ಟಿಲಿಗೆ ನಾಲ್ಕರಂತೆ. ಲೆಕ್ಕ ಕಲಿಸುವ ಮೊದಲು ಅಳತೆ ಹೇಳಿಬಿಡುವ ಈ ಕ್ರಮವನ್ನು ಇಂದಿನ ಪಠ್ಯಪುಸ್ತಕಗಳೂ ಅನುಸರಿಸಿದರೆ ಒಳ್ಳೆಯದು. ಇದೇ ಪ್ರಸ್ಥ–ಆಢಕಗಳು ಆಯುರ್ವೇದದ ಅಂಗಡಿಯಲ್ಲಿ ಇನ್ನೂ ಉಸಿರಾಡುತ್ತಿವೆ. ಭಾರತ ಸರ್ಕಾರದ ಆಯುರ್ವೇದ ಯೋಗಸಂಗ್ರಹ ಒಂದು ಕರ್ಷವನ್ನು 12 ಗ್ರಾಂ ಎಂದು ಗೊತ್ತುಮಾಡಿತು. ಅದರಿಂದ ಪಲ 48, ಕುಡವ 192, ಪ್ರಸ್ಥ 768. ಹೀಗೆ ಕಷಾಯ, ತೈಲಗಳ ಹಳೆಯ ಪಾಠಗಳಿಗೆ ಒಂದು ಅಧಿಕೃತ ಮೆಟ್ರಿಕ್ ರೂಪ ಬಂತು. ದ್ರವವಾದರೆ ಅಳತೆಯನ್ನು ಇಮ್ಮಡಿ ಮಾಡಬೇಕೆಂಬ ನಿಯಮ ಬೇರೆ ಇದೆ. ಅದನ್ನು ಮರೆತವನ ತೈಲ ಹದಕ್ಕೆ ಬರುವುದಿಲ್ಲ.

ರಾಶಿ, ಸವರು, ಪುರಿ

ಕಣದಲ್ಲಿ ರಾಶಿ ಅಳೆಯುವವರು ಮೊದಲ ಕೊಳಗಕ್ಕೆ ಒಂದು ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದರು. ಎರಡು, ಮೂರು ಎಂದು ಎಣಿಕೆ ಮುಂದುವರಿಯುತ್ತಿದ್ದದ್ದು ಆಮೇಲೆ. ಕೊಳಗದ ಬಾಯಿಗೆ ಕೋಲು ಎಳೆದು ಸವರಿದರೋ, ಮೇಲೆ ಗೋಪುರ ನಿಲ್ಲುವಷ್ಟು ಸುರಿದರೋ ಎಂಬುದರ ಮೇಲೆ ಆಳಿನ ಕೂಲಿ, ಒಡೆಯನ ಗೇಣಿ ಏರುತ್ತಿತ್ತು, ಇಳಿಯುತ್ತಿತ್ತು. ಕೊಡುವಾಗ ಸವರಿ, ಕೊಳ್ಳುವಾಗ ರಾಶಿ ಏರಿಸುವ ಜಾಣರಿಗೆ ಬರವಿರಲಿಲ್ಲ. ‘ಸೇರಿಗೆ ಸವ್ವಾಸೇರು’ ಎಂಬ ಮಾತಿನಲ್ಲಿ ಮೇಲೆ ನಿಂತಿರುವುದು ಆ ಕಾಲು ಸೇರು.

ಗಾತ್ರವನ್ನು ತೂಕಕ್ಕೆ ತಿರುಗಿಸುವಾಗ ವಸ್ತು ಯಾವುದೆಂಬುದು ಮುಖ್ಯ. ಒಂದು ಲೀಟರ್ ನೀರು ಒಂದು ಕಿಲೋ. ಹಾಲು 30 ಗ್ರಾಂ ಹೆಚ್ಚು. ಅಡುಗೆ ಎಣ್ಣೆ 910 ಗ್ರಾಂ ಆಸುಪಾಸು. ಅಕ್ಕಿ ಎಂಟುನೂರರ ಮೇಲೆ. ಒಣಗಿದ, ಸಿಪ್ಪೆ ಬಿಡಿಸದ ಕಡಲೆಕಾಯಿ ಮುನ್ನೂರರ ಸುತ್ತಮುತ್ತ. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ದೊಡ್ಡಬಸವನ ಮುಂದೆ ಕಡಲೆಕಾಯಿ ಪರಿಷೆ ನೆರೆದಾಗ ವ್ಯಾಪಾರ ನಡೆಯುವುದು ಸೇರಿನಲ್ಲಿ. ಆಯುಧಪೂಜೆಗೆ ಬೇಗೂರಿನ ರಸ್ತೆಬದಿಯಲ್ಲಿ ಗುಡ್ಡೆ ಹಾಕುವ ಪುರಿಯೂ ಸೇರಿನ ಸರಕೇ. ಪುರಿಯನ್ನು ತಕ್ಕಡಿಗೆ ಹಾಕಿದರೆ ಚೀಲ ತುಂಬಿದರೂ ಮುಳ್ಳು ಅಲ್ಲಾಡದು. ಗಿರಾಕಿಗೆ ಬೇಕಿರುವುದು ಚೀಲ ತುಂಬುವುದು. ಕಾಯಿದೆ ಏನೇ ಹೇಳಲಿ, ಹಗುರ ಸರಕಿನ ಮುಂದೆ ಡಬ್ಬವೇ ನ್ಯಾಯದ ಅಳತೆ ಎಂದು ಇಬ್ಬರೂ ಒಪ್ಪಿಕೊಂಡಿರುತ್ತಾರೆ.

ಮೆಟ್ರಿಕ್ ಅಳತೆಯ ಕಾಯಿದೆ ಬಂದದ್ದು 1956ರಲ್ಲಿ. ಅದೇ ವರ್ಷ ನವೆಂಬರ್ 1ಕ್ಕೆ ಮೈಸೂರು, ಮದ್ರಾಸು, ಮುಂಬಯಿ, ಹೈದರಾಬಾದು, ಕೊಡಗು ಎಂಬ ಐದು ಆಡಳಿತಗಳಿಂದ ಕನ್ನಡದ ಪ್ರದೇಶಗಳು ಒಂದಾದವು. ಒಂದೊಂದೂ ತನ್ನ ತನ್ನ ಸೇರನ್ನು ಕಂಕುಳಲ್ಲಿಟ್ಟುಕೊಂಡೇ ಬಂತು. 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ, 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಕಿಲೋ, ಅದರ ಹಿಂದೆ ಲೀಟರ್. ಸೇರಿನಲ್ಲಿ ಹಾಲು ಕೊಳ್ಳುತ್ತಿದ್ದ ಮನೆಗಳಿಗೆ ಲೀಟರು ಅಷ್ಟೇನೂ ಹೊರಗಿನದೆನ್ನಿಸಲಿಲ್ಲ. ಹೆಚ್ಚುಕಡಿಮೆ ಹಳೆಯ ಸೇರಿನ ಗಾತ್ರವೇ ಅಲ್ಲವೆ ಎಂದು ಒಪ್ಪಿಕೊಂಡರು. ಪಾವು ಹಾಲು ಕಾಲು ಲೀಟರ್ ಆಯಿತು. ಈಗ ನಡೆಯುತ್ತಿರುವುದು 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ, 2011ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅಂದಹಾಗೆ, ಲೀಟರೇ ಒಮ್ಮೆ ಸ್ವಲ್ಪ ಅಲುಗಿತ್ತು. 1901ರಲ್ಲಿ ಅದನ್ನು ಒಂದು ಕಿಲೋ ನೀರಿನ ಗಾತ್ರವೆಂದು ಕಟ್ಟಿಹಾಕಿದ್ದರಿಂದ ಅದು ಸಾವಿರ ಘನ ಸೆಂಟಿಮೀಟರಿಗಿಂತ ಲಕ್ಷಕ್ಕೆ ಮೂರರಷ್ಟು ದೊಡ್ಡದಾಗಿತ್ತು. 1964ರಲ್ಲಿ ಮತ್ತೆ ಸರಿಯಾಗಿ ಸಾವಿರಕ್ಕೆ ತಂದರು.

ಗ್ಯಾಲನ್ನಿನ ನೆರಳು

ಹಳೆಯ ಅಳತೆ ಹೋದ ಮೇಲೂ ಅದರ ಮೂಳೆ ಹೊಸ ಅಂಕಿಯೊಳಗೆ ಉಳಿದಿರುತ್ತದೆ. ದುಂಡಗಿಲ್ಲದ ಮೆಟ್ರಿಕ್ ಸಂಖ್ಯೆ ಕಂಡರೆ ಕೆರೆದು ನೋಡಬೇಕು. ಕಾವೇರಿ ಮೊದಲ ಹಂತದ ನೀರು 1974ರಲ್ಲಿ ಬೆಂಗಳೂರಿಗೆ ಬಂದಾಗ ಅದರ ಪ್ರಮಾಣ ದಿನಕ್ಕೆ 135 ದಶಲಕ್ಷ ಲೀಟರ್. ನೂರಲ್ಲ, ನೂರೈವತ್ತಲ್ಲ, 135 ಏಕೆ? ದಿನಕ್ಕೆ ಮೂರು ಕೋಟಿ ಗ್ಯಾಲನ್ ಎಂಬ ಎಂಜಿನಿಯರುಗಳ ಅಂಕಿ ಅದರೊಳಗಿದೆ. ಗ್ಯಾಲನ್ 4.546 ಲೀಟರ್, ಮೂರು ಕೋಟಿಗೆ 136 ದಶಲಕ್ಷ ಚಿಲ್ಲರೆ, ದುಂಡಗೆ 135. 2024ರ ಅಕ್ಟೋಬರ್ 16ರಂದು ತೊರೆಕಾಡನಹಳ್ಳಿಯಲ್ಲಿ ಉದ್ಘಾಟನೆಯಾದ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಕಟ್ಟಿದ ಐದನೆಯ ಹಂತದ ಅಂಕಿ 775. ಇದೂ ವಿಚಿತ್ರವೇ. ಹತ್ತು ಟಿಎಂಸಿ ನೀರನ್ನು 365 ದಿನಕ್ಕೆ ಹಂಚಿ ನೋಡಿದರೆ ಗುಟ್ಟು ಬಿಡುತ್ತದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, 2,831 ಕೋಟಿ ಲೀಟರಿಗೂ ಮಿಕ್ಕು. ಹತ್ತಕ್ಕೆ 28,317 ಕೋಟಿ. ಭಾಗಿಸಿದರೆ ದಿನಕ್ಕೆ 77.6 ಕೋಟಿ ಲೀಟರ್, ಅಂದರೆ 775 ದಶಲಕ್ಷದ ಆಸುಪಾಸು.

ನದಿಗಳು ಇನ್ನೂ ಅಡಿಯಲ್ಲೇ ಹರಿಯುತ್ತಿವೆ. ಕನ್ನಂಬಾಡಿ ಕಟ್ಟೆ ತುಂಬುವುದು 124.80 ಅಡಿಗೆ, ಹಿಡಿಯುವುದು 49.45 ಟಿಎಂಸಿ; ಲೀಟರಿನಲ್ಲಿ ಒಂದು ಲಕ್ಷದ ನಲವತ್ತು ಸಾವಿರ ಕೋಟಿ, ಬಾಯಿಗೆ ಬರುವ ಅಂಕಿಯಲ್ಲ. 2023ರ ಆಗಸ್ಟ್ ಕೊನೆಯಲ್ಲಿ ತಮಿಳುನಾಡಿಗೆ 5,000 ಕ್ಯುಸೆಕ್‌ನಂತೆ ಹದಿನೈದು ದಿನ ನೀರು ಬಿಡಿ ಎಂದಾಗ ಮಂಡ್ಯದಲ್ಲಿ ಹೊಗೆಯಾಡಿತು. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. 11,574 ಕ್ಯುಸೆಕ್ ಒಂದು ದಿನ ಹರಿದರೆ ಒಂದು ಟಿಎಂಸಿ. ಆ ಹದಿನೈದು ದಿನದ ಒಟ್ಟು 6.48 ಟಿಎಂಸಿ. ಕ್ಯುಸೆಕ್ ಹರಿವು, ಟಿಎಂಸಿ ಸಂಗ್ರಹ ಎಂಬ ಭೇದ ಟೀವಿ ಚರ್ಚೆಯಲ್ಲಿ ಆಗಾಗ ಕೊಚ್ಚಿಹೋಗುತ್ತದೆ. ಕೆರೆಗೂ ಇದೇ ದಾರಿ: ಒಂದೆಕರೆಯ ಮೇಲೆ ಒಂದಡಿ ನೀರು ನಿಂತರೆ 43,560 ಘನ ಅಡಿ, 12.3 ಲಕ್ಷ ಲೀಟರ್. ನೂರು ಎಕರೆಗೂ ಮಿಕ್ಕ ಬೇಗೂರು ಕೆರೆ ಒಂದಡಿ ಏರಿತೆಂದರೆ ಹನ್ನೆರಡು ಕೋಟಿ ಲೀಟರಿಗೆ ಮೋಸವಿಲ್ಲ.

ಗ್ಯಾಲನ್ನಿನಲ್ಲಿ ಎರಡು ಜಾತಿ. ಹತ್ತು ಪೌಂಡು ನೀರು ಹಿಡಿಯುವಷ್ಟು ಎಂದು 1824ರಲ್ಲಿ ಬ್ರಿಟನ್ ಹೊಸದಾಗಿ ಗೊತ್ತುಮಾಡಿದ್ದು 4.546 ಲೀಟರ್. ಅದಕ್ಕೂ ಮೊದಲೇ ಬ್ರಿಟನ್ನಿನಿಂದ ಬೇರೆಯಾಗಿದ್ದ ಅಮೆರಿಕ ಹಳೆಯ 231 ಘನ ಅಂಗುಲದ ವೈನ್ ಗ್ಯಾಲನ್ನನ್ನೇ ಹಿಡಿದುಕೊಂಡಿತು, ಅದು 3.785 ಲೀಟರ್. ಬೇಗೂರಿನ ಮನೆಗಳ ಮುಂದೆ ನೀರು ತುಂಬಿಟ್ಟ ನೀಲಿ ಡ್ರಮ್ಮು 200 ಲೀಟರ್ ಎನ್ನಿಸಿಕೊಳ್ಳುವುದು ಬ್ರಿಟಿಷ್ ಲೆಕ್ಕದ 44 ಗ್ಯಾಲನ್ನಿನಿಂದ. ಅಮೆರಿಕದವರು ಇಂಥದೇ ಡ್ರಮ್ಮನ್ನು 55 ಗ್ಯಾಲನ್ ಎನ್ನುತ್ತಾರೆ, ಗುಣಿಸಿದರೆ 208 ಲೀಟರ್.

ಪರಿವರ್ತನೆಯ ಎಡವಟ್ಟು ಆಕಾಶಕ್ಕೇರಿದ್ದೂ ಉಂಟು. 1983ರ ಜುಲೈ 23ರಂದು ಕೆನಡಾದ ಒಂದು ಬೋಯಿಂಗ್ 767 ವಿಮಾನ 41,000 ಅಡಿ ಎತ್ತರದಲ್ಲಿ ಇಂಧನ ಮುಗಿದು ಎರಡೂ ಎಂಜಿನ್ ನಿಂತು, ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಗೆ ತೇಲುತ್ತಾ ಇಳಿಯಿತು. ಹೊರಡುವ ಮೊದಲು ಸಿಬ್ಬಂದಿ ಟ್ಯಾಂಕಿಗೆ ಕೋಲು ಹಾಕಿಯೇ ನೋಡಿದ್ದರು. 7,682 ಲೀಟರ್ ಇತ್ತು, ಆ ಅಳತೆ ಸರಿ. ಬೇಕಿದ್ದದ್ದು 22,300 ಕಿಲೋ. ಲೀಟರನ್ನು ಕಿಲೋ ಮಾಡಲು 0.8ರಿಂದ ಗುಣಿಸಬೇಕಿದ್ದಲ್ಲಿ, ಪೌಂಡಿನ ಗುಣಕ 1.77ರಿಂದ ಗುಣಿಸಿದರು. ಇಪ್ಪತ್ತು ಸಾವಿರ ಲೀಟರ್ ತುಂಬಬೇಕಾದಲ್ಲಿ ಐದು ಸಾವಿರವೂ ತುಂಬಲಿಲ್ಲ. ವಿಮಾನದಲ್ಲಿದ್ದ 69 ಜನರೂ ಬದುಕಿದರು. ಮೆಟ್ರಿಕ್‌ಗೆ ಆಗ ತಾನೇ ಹೊರಳುತ್ತಿದ್ದ ದೇಶ ಅದು. ಕೋಲು ಸುಳ್ಳು ಹೇಳಿರಲಿಲ್ಲ.

ಅಡುಗೆಮನೆಯಲ್ಲಿ ನಷ್ಟ ಇಷ್ಟು ದೊಡ್ಡದಲ್ಲ. ಎಣ್ಣೆಯ ಪೊಟ್ಟಣದ ಮೇಲೆ ಲೀಟರಿನ ಪಕ್ಕದಲ್ಲಿ ಉಷ್ಣತೆಯನ್ನೂ ಬರೆಯುವ ಜಾಣತನ ಕೆಲ ಕಾಲ ನಡೆಯಿತು. ಬಿಸಿಯಾದ ಎಣ್ಣೆ ಹಿಗ್ಗುತ್ತದೆ: ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919 ಗ್ರಾಂ ತೂಗಿದರೆ, 60 ಡಿಗ್ರಿಯಲ್ಲಿ 893 ಗ್ರಾಂ ಇದ್ದರೂ ಲೀಟರ್ ತುಂಬುತ್ತದೆ. ಉಷ್ಣತೆಯ ಮಾತು ಬಿಟ್ಟು ಗಾತ್ರದ ಜೊತೆ ತೂಕವನ್ನೂ ಸರಿಯಾಗಿ ಬರೆಯಿರಿ ಎಂದು ಕೇಂದ್ರ ಸರ್ಕಾರ 2023ರ ಜನವರಿ 15ರ ಗಡುವು ಕೊಟ್ಟಿತು. ಹಾಲಿನದು ಇನ್ನೊಂದು ಬಗೆ. 2024ರ ಜೂನ್‌ನಲ್ಲಿ ನಂದಿನಿ ಪೊಟ್ಟಣಗಳಿಗೆ 50 ಮಿಲಿಲೀಟರ್ ಸೇರಿ ಬೆಲೆ ಎರಡು ರೂಪಾಯಿ ಏರಿತು. 42 ರೂಪಾಯಿಯ ಲೀಟರ್ ಟೋನ್ಡ್ ಹಾಲು 44 ರೂಪಾಯಿಗೆ 1,050 ಮಿಲಿಲೀಟರ್ ಆಯಿತು. ತ್ರೈರಾಶಿ ಹಾಕಿದರೆ ಲೀಟರಿಗೆ 41 ರೂಪಾಯಿ 90 ಪೈಸೆ, ಇದ್ದಷ್ಟೇ. 2025ರ ಏಪ್ರಿಲ್‌ನಲ್ಲಿ ಆ ಐವತ್ತು ಹಿಂದಕ್ಕೆ ಹೋಗಿ ಪೊಟ್ಟಣ ಮತ್ತೆ ದುಂಡಗಾಯಿತು.

ಡಬ್ಬದಲ್ಲಿ ಅಕ್ಕಿ ಅಳೆಯುವ ಅಭ್ಯಾಸ ಮಾತ್ರ ಗಡಿ ದಾಟಿಯೂ ಉಳಿದಿದೆ. ಹೊರದೇಶಕ್ಕೆ ಹೋದ ಕನ್ನಡದ ಮನೆಗಳಲ್ಲಿ ಪಾವಿನ ಜಾಗಕ್ಕೆ ಬಂದು ಕೂತಿರುವುದು ವಿದ್ಯುತ್ ಕುಕ್ಕರಿನ ಜೊತೆಗೆ ಸಿಗುವ ಪ್ಲಾಸ್ಟಿಕ್ ಕಪ್ಪು. ಅದು 180 ಮಿಲಿಲೀಟರ್, ಜಪಾನಿನ ‘ಗೋ’ ಎಂಬ ಅಕ್ಕಿಯ ಅಳತೆ. ಅಮೆರಿಕದ ಅಡುಗೆ ಪುಸ್ತಕದ ಕಪ್ಪು 240 ಮಿಲಿಲೀಟರಿನ ಹತ್ತಿರ. ಕುಕ್ಕರಿನ ಒಳಪಾತ್ರೆಯ ಗೆರೆಗಳು ಗುರುತಿಸುವುದು ಗೋವನ್ನು. ಮೂಲ ಕಪ್ಪು ಕಳೆದುಹೋಗಿ, ಅಮೆರಿಕದ ಕಪ್ಪಿನಲ್ಲಿ ಮೂರು ಅಳೆದು ಹಾಕಿ, ಮೂರನೆಯ ಗೆರೆಗೆ ನೀರು ಬಿಟ್ಟರೆ ಅನ್ನ ನುಚ್ಚುನುಚ್ಚಾಗಿ ಗಟ್ಟಿಯಾಗುತ್ತದೆ. ಮೂರು ಅಮೆರಿಕನ್ ಕಪ್ಪು 720 ಮಿಲಿಲೀಟರ್, ಗೋ ಲೆಕ್ಕದಲ್ಲಿ ನಾಲ್ಕು. ನೀರು ನಾಲ್ಕನೆಯ ಗೆರೆಗೆ ಬರಬೇಕು.